ಬದಲಾಗುವ ಮಚ್ಚೆ, ಮಾಯದ ಹುಣ್ಣು: ಚರ್ಮದ ಕ್ಯಾನ್ಸರ್ ತಪಾಸಣೆ ಮತ್ತು ಚಿಕಿತ್ಸೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಮರೋಗ ವಿಭಾಗದ ಹೊರರೋಗಿಗಳ ಸಾಲಿನಲ್ಲಿ, ಓದುಗರ ಕಾಗದಗಳಲ್ಲಿ, ಮದುವೆಮನೆಗಳಲ್ಲಿ ನೆಂಟರು ಪಕ್ಕಕ್ಕೆ ಕರೆದು ತೋಳು ಮಡಚಿ ತೋರಿಸಿದಾಗ ನನ್ನ ಮುಂದೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಇದನ್ನು ಓದಿ ಮನೆಯಲ್ಲೇ ರೋಗವನ್ನು ತೀರ್ಮಾನಿಸಲು ಆಗುವುದಿಲ್ಲ. ಯಾವಾಗ ಹೊರಡಬೇಕು, ಹೋದಲ್ಲಿ ಏನನ್ನು ಕೇಳಿ ಪಡೆಯಬೇಕು ಎಂಬುದು ತಿಳಿದರೆ ಸಾಕು.

ಮೊದಲು ತಿಳಿಯಬೇಕಾದದ್ದು

“ಮೈಮೇಲೆ ಇಪ್ಪತ್ತು ಮೂವತ್ತು ಮಚ್ಚೆ ಇವೆ ಮೇಡಂ. ಎಲ್ಲಕ್ಕೂ ಹೆದರಬೇಕಾ?”

ಬೇಡ. ಮಚ್ಚೆ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಂದೆಡೆ ಗುಂಪುಗೂಡಿರುವುದು, ಅಷ್ಟೇ. ಬಾಲ್ಯದಿಂದ ಮೂವತ್ತು ನಲವತ್ತರ ವಯಸ್ಸಿನವರೆಗೆ ಹೊಸ ಮಚ್ಚೆಗಳು ಮೂಡುವುದು ಸಹಜ. ಮಧ್ಯವಯಸ್ಸಿನ ಹೆಂಗಸರ ಕೆನ್ನೆ, ಕತ್ತಿನ ಮೇಲೆ ಏಳುವ ಎಳ್ಳಿನಂಥ ಕಪ್ಪು ಬೊಕ್ಕೆಗಳೂ, ವಯಸ್ಸಾದವರ ಬೆನ್ನಿನ ಮೇಲೆ ಮೇಣ ಅಂಟಿಸಿದಂತೆ ಕಾಣುವ ಒರಟು ಕಂದು ಕಲೆಗಳೂ ಕ್ಯಾನ್ಸರ್ ಅಲ್ಲ. ಎಣಿಕೆಗಿಂತ ಮುಖ್ಯವಾದದ್ದು ಅವುಗಳಲ್ಲಿ ಯಾವುದಾದರೂ ಒಂದು ಉಳಿದವುಗಳಂತೆ ಇಲ್ಲದಿರುವುದು, ಅಥವಾ ಕಳೆದ ವರ್ಷ ಇದ್ದಂತೆ ಈ ವರ್ಷ ಇಲ್ಲದಿರುವುದು. ಹುಟ್ಟಿನಿಂದಲೇ ಅಂಗೈಗಿಂತ ಅಗಲವಾದ, ಕೂದಲಿರುವ ಮಚ್ಚೆ ಇದ್ದರೆ ಮಾತ್ರ ಬದಲಾವಣೆಗೆ ಕಾಯದೆ ಒಮ್ಮೆ ತೋರಿಸಿ, ವೈದ್ಯರ ನಿಗಾದಲ್ಲಿಡುವುದು ಒಳ್ಳೆಯದು.

“ನಮ್ಮಂಥ ಕಪ್ಪು ಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬರಲ್ವಂತೆ, ನಿಜಾನಾ?”

ಕಡಿಮೆ ಬರುತ್ತದೆ ಎನ್ನುವುದು ನಿಜ, ಬರುವುದೇ ಇಲ್ಲ ಎನ್ನುವುದು ಸುಳ್ಳು. ಈ ಅರ್ಧ ಸತ್ಯದಿಂದ ನಮ್ಮಲ್ಲಿ ಆಗುತ್ತಿರುವ ಹಾನಿ ಸಣ್ಣದಲ್ಲ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ, ಬಿಳಿಯ ಚರ್ಮದವರಿಗೆ ಬೆನ್ನು, ಕಾಲುಗಳ ಮೇಲೆ ಬಿಸಿಲಿನಿಂದ ಬರುವಂಥ ಕ್ಯಾನ್ಸರ್ ನಮಗೆ ವಿರಳ. ಆದರೆ ಮಚ್ಚೆಯ ಕ್ಯಾನ್ಸರ್ ಎಂದು ಜನ ಕರೆಯುವ ಮೆಲನೋಮದಲ್ಲಿ ಬಿಸಿಲಿಗೆ ಸಂಬಂಧವೇ ಇಲ್ಲದ ಒಂದು ಬಗೆಯಿದೆ. ಅದು ಅಂಗಾಲು, ಅಂಗೈ ಮತ್ತು ಉಗುರಿನ ಕೆಳಗೆ ಹುಟ್ಟುತ್ತದೆ. ನಮ್ಮಂಥ ಚರ್ಮದವರಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಬರುವುದು ಅಲ್ಲಿಯೇ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಇದೇ ಬಗೆ, ಕಾಲ್ಬೆರಳಿನ ಉಗುರಿನ ಕೆಳಗೆ. 1981ರಲ್ಲಿ ಆತ ತೀರಿಕೊಂಡಾಗ ವಯಸ್ಸು 36. ಚರ್ಮದ ಬಣ್ಣ ಆತನನ್ನು ಕಾಪಾಡಲಿಲ್ಲ. ಬಾಯಿಯೊಳಗೆ, ಅಂಗುಳಿನ ಮೇಲೆ ಹೊಸದಾಗಿ ಮೂಡುವ ಕಪ್ಪು ಕಲೆಯನ್ನೂ ಇದೇ ಕಾರಣಕ್ಕೆ ತೋರಿಸಬೇಕು.

ತೊನ್ನು ಬೇರೆ, ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿನಲ್ಲಿ ಬಣ್ಣವಿಲ್ಲದಿರುವುದು ಬೇರೆ. ಹಾಗೆ ಹುಟ್ಟಿದವರಿಗೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್‌ನ ಅಪಾಯ ತುಂಬ ಹೆಚ್ಚು. ಅವರಿಗೆ ಚಿಕ್ಕಂದಿನಿಂದಲೇ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗಿನ ಬಿಸಿಲಿನಿಂದ ದೂರವಿರುವ ರೂಢಿ ಬೇಕೇ ಬೇಕು.

“ಎಂಥ ಬದಲಾವಣೆ ಕಂಡರೆ ತೋರಿಸಬೇಕು?”

ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಎಬಿಸಿಡಿ ಎಂಬ ನಾಲ್ಕು ಗುರುತುಗಳನ್ನು ಕೊಟ್ಟರು; 2004ರಲ್ಲಿ ಐದನೆಯದು ಸೇರಿತು. ಮಚ್ಚೆಯ ನಡುವೆ ಗೆರೆ ಎಳೆದರೆ ಎರಡು ಅರ್ಧಗಳು ಒಂದಕ್ಕೊಂದು ಹೊಂದದಿರುವುದು, ಅಂಚು ಮಸಿ ಹರಡಿದಂತೆ ಸೊಟ್ಟಾಪಟ್ಟಿಯಾಗಿರುವುದು, ಒಂದೇ ಮಚ್ಚೆಯಲ್ಲಿ ಕಂದು, ಕಪ್ಪು, ಬೂದು, ಕೆಂಪು ಎಂದು ಹಲವು ಬಣ್ಣ ಕಾಣುವುದು, ಅಗಲ 6 ಮಿಲಿಮೀಟರ್ ಮೀರುವುದು, ಐದನೆಯದಾಗಿ ಕಾಲಕ್ರಮದಲ್ಲಿ ಬದಲಾಗುವುದು. ಈ ಐದರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಕೊನೆಯದಕ್ಕೆ. ಕೆಲವು ಮೆಲನೋಮಗಳು ಸಮವಾಗಿ, ಗುಂಡಗೆ, ಗಟ್ಟಿಯಾದ ಗಂಟಿನಂತೆ ಎದ್ದು ವಾರಗಳಲ್ಲೇ ಬೆಳೆಯುತ್ತವೆ. ಕೆಲವಕ್ಕೆ ಕಪ್ಪು ಬಣ್ಣವೇ ಇರುವುದಿಲ್ಲ. ಮೊದಲ ನಾಲ್ಕು ಗುರುತುಗಳಿಗೆ ಅವು ಸಿಗುವುದಿಲ್ಲ.

ನೆನಪು ಮೋಸ ಮಾಡುತ್ತದೆ, ಆದ್ದರಿಂದ ಮಚ್ಚೆಯ ಪಕ್ಕದಲ್ಲಿ ಮಕ್ಕಳ ಸ್ಕೇಲನ್ನು ಇಟ್ಟು, ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಇದು ಬದಲಾಗಿದೆಯೇ ಇಲ್ಲವೇ ಎಂಬ ಅನುಮಾನಕ್ಕೆ ಮಾತ್ರ. ಬದಲಾಗಿದೆ ಎಂದು ಖಚಿತವಾಗಿ ಗೊತ್ತಿದ್ದರೆ ಚಿತ್ರ ತೆಗೆಯುತ್ತ ತಿಂಗಳುಗಟ್ಟಲೆ ಕೂರಬೇಡಿ.

“ಅಂಗಾಲಿನ್ಯಾಗ ಕರೀ ಕಲೆ ಐತ್ರಿ. ಆಣಿ ಅಂತ ಬಿಟ್ಟೀನಿ. ನಡೀತದೇನ್ರಿ?”

ನಡೆಯುವುದಿಲ್ಲ. ಈ ಪುಟದಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯಲು ಜಾಗವಿದ್ದಿದ್ದರೆ ಇದನ್ನೇ ಆರಿಸಿಕೊಳ್ಳುತ್ತಿದ್ದೆ.

ನನ್ನ ಸೋದರತ್ತೆಯ ಬಲ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಕಪ್ಪು ಕಲೆಯಿತ್ತು. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡಿದ ಕಾಲು, ಒಡೆದ ಹಿಮ್ಮಡಿ. ಅದರ ಬಿರುಕಿನೊಳಗೆ ಕೆಸರಿನ ಬಣ್ಣ ಕೂತಿದೆ ಎಂದು ಎಲ್ಲರೂ ತಿಳಿದೆವು. ನಾನಾಗ ವೈದ್ಯಕೀಯ ಓದುತ್ತಿದ್ದೆ, ರಜೆಯಲ್ಲಿ ಅದೇ ಕಾಲಿಗೆ ಹರಳೆಣ್ಣೆ ಹಚ್ಚಿದ್ದೆ, ಆದರೂ ಬೆಳಕಿಗೆ ಹಿಡಿದು ನೋಡಲಿಲ್ಲ. ಊರಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಆಣಿ ಎಂದು ಎರಡು ಸಲ ಹೆರೆದು ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಲಿಲ್ಲ. ಮೂರನೆಯ ಸಲ ಅದು ಒಸರತೊಡಗಿದಾಗ ತೊಡೆಸಂದಿನಲ್ಲಿ ಗಂಟು ಬಂದಿತ್ತು.

ಆಣಿ ಒತ್ತಡ ಬೀಳುವ ಕಡೆ ಆಗುತ್ತದೆ, ಮೇಲ್ಪದರ ಹೆರೆದರೆ ಒಳಗೆ ಗಾಜಿನಂಥ ಹಳದಿ ತಿರುಳು ಕಾಣುತ್ತದೆ, ಅದರಲ್ಲಿ ಹರಡುವ ಕಪ್ಪು ಇರುವುದಿಲ್ಲ. ನರಹುಲಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಇರಬಹುದು. ಅಂಚು ಹರಡುತ್ತಿರುವ, ಬಣ್ಣ ಒಂದೇ ಸಮ ಇಲ್ಲದ ಕಲೆ ಈ ಎರಡೂ ಅಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು: ಅಂಗಾಲಿನ ಹುಣ್ಣು ಎಂದರೆ ಸಕ್ಕರೆಯಿಂದಲೇ ಎಂದು ಡ್ರೆಸ್ಸಿಂಗ್ ಮಾಡಿಸುತ್ತಲೇ ಇದ್ದು, ಸಕ್ಕರೆ ಹತೋಟಿಗೆ ಬಂದರೂ, ಕಾಲಿಗೆ ಭಾರ ಬೀಳದಂತೆ ನೋಡಿಕೊಂಡರೂ ಹುಣ್ಣು ಮಾಯದಿದ್ದರೆ ಅದರ ಅಂಚಿನಿಂದ ಒಂದು ಚೂರನ್ನು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳಿಸಿ ಎಂದು ಬಾಯಿಬಿಟ್ಟು ಕೇಳಿ.

“ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಗೆರೆ ಬಂದಿದೆ. ಕಲ್ಲು ಎಡವಿದ ನೆನಪೂ ಇದೆ.”

ಎಡವಿ ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಅದೂ ಮುಂದಕ್ಕೆ ಸರಿಯುತ್ತದೆ ಮತ್ತು ಅದರ ಹಿಂದೆ ಉಗುರಿನ ಬುಡದಲ್ಲಿ ಹೊಸ ತಿಳಿ ಉಗುರು ಕಾಣುತ್ತದೆ. ಕೈಯುಗುರು ಪೂರ್ತಿ ಬೆಳೆಯಲು ಸುಮಾರು ಆರು ತಿಂಗಳು, ಕಾಲಿನ ಹೆಬ್ಬೆರಳಿನದಕ್ಕೆ ವರ್ಷದಿಂದ ಒಂದೂವರೆ ವರ್ಷ ಬೇಕು. ಹಲವು ಉಗುರುಗಳಲ್ಲಿ ಉದ್ದಕ್ಕೂ ತೆಳು ಕಂದು ಗೆರೆಗಳಿರುವುದು ನಮ್ಮ ಬಣ್ಣದವರಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ, ದೊಡ್ಡವರಾದ ಮೇಲೆ ಹೊಸದಾಗಿ ಬಂದು, ಅಗಲವಾಗುತ್ತಿರುವ ಗೆರೆಯನ್ನು ತೋರಿಸಬೇಕು. ಆ ಕಪ್ಪು ಉಗುರು ದಾಟಿ ಪಕ್ಕದ ಅಥವಾ ಬುಡದ ಚರ್ಮಕ್ಕೂ ಇಳಿದಿದ್ದರೆ ಆ ವಾರವೇ ಹೊರಡಿ. ಉಗುರುಸುತ್ತು ಎಂದು ನಿಂಬೆಹಣ್ಣು ಚುಚ್ಚಿಕೊಂಡು ಕಾಯುವ ಸಂದರ್ಭ ಅದಲ್ಲ.

“ಮೂಗಿನ ಪಕ್ಕ ಗುಳ್ಳೆ. ಒಣಗುತ್ತೆ, ಮುಖ ಒರೆಸಿದರೆ ಮತ್ತೆ ರಕ್ತ. ಒಂದು ವರ್ಷವಾಯ್ತು.”

ಇದು ಬೇಸಲ್ ಸೆಲ್ ಕಾರ್ಸಿನೋಮ ಇರಬಹುದು. ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವ ಚರ್ಮದ ಕ್ಯಾನ್ಸರ್ ಇದೇ. ವಯಸ್ಸಾದವರ ಮೂಗು, ಕಣ್ರೆಪ್ಪೆ, ಕೆನ್ನೆಗಳಲ್ಲಿ ಬರುತ್ತದೆ. ನಮ್ಮಲ್ಲಿ ಇದು ಬಹುಪಾಲು ಕಪ್ಪಾಗಿಯೇ ಇರುವುದರಿಂದ ಮಚ್ಚೆ ಎಂದೇ ಮನೆಯವರು ತಿಳಿಯುತ್ತಾರೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಅಂಚಿನಲ್ಲಿ ಮುತ್ತಿನಂಥ ಹೊಳಪು, ಅದರ ಮೇಲೆ ಹರಿಯುವ ಸಣ್ಣ ರಕ್ತನಾಳಗಳು ಕಾಣುತ್ತವೆ. ಇದು ದೇಹದ ಬೇರೆಡೆಗೆ ಹರಡುವುದು ತೀರ ಅಪರೂಪ, ಆದರೆ ಇದ್ದ ಜಾಗವನ್ನೇ ನಿಧಾನವಾಗಿ ತಿನ್ನುತ್ತದೆ. ಬೇಗ ಬಂದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಗುಣವಾಗುತ್ತದೆ. ಐದಾರು ವರ್ಷ ಬಿಟ್ಟು ಬಂದವರಿಗೆ ರೆಪ್ಪೆಯನ್ನೋ ಮೂಗಿನ ಹೊಳ್ಳೆಯನ್ನೋ ಹೊಸದಾಗಿ ಕಟ್ಟಬೇಕಾಗುತ್ತದೆ.

“ಚಿಕ್ಕಂದಿನಲ್ಲಿ ಸುಟ್ಟ ಗಾಯದ ಕಲೆ ಈಗ ಯಾಕೆ ಹುಣ್ಣಾಯಿತು?”

ಹಳೆಯ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು, ಕುಷ್ಠ ವಾಸಿಯಾದ ಮೇಲೂ ಸ್ಪರ್ಶವಿಲ್ಲದ ಪಾದದಲ್ಲಿ ಉಳಿದ ಹುಣ್ಣು, ಇವುಗಳಲ್ಲಿ ದಶಕಗಳ ನಂತರ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ಹೂಕೋಸಿನಂತೆ ಮೇಲೆದ್ದ, ಅಂಚು ಗಟ್ಟಿಯಾದ, ದುರ್ವಾಸನೆಯ ಹುಣ್ಣು ಅದರ ರೂಪ. ಸೊಂಟದಲ್ಲಿ ಪಂಚೆಯನ್ನೋ ಸೀರೆಯ ಲಂಗದ ಲಾಡಿಯನ್ನೋ ಜೀವಮಾನವಿಡೀ ಬಿಗಿದು ಕಟ್ಟಿದ ಜಾಗದಲ್ಲಿ ಚರ್ಮ ಕಪ್ಪಾಗಿ, ಒರಟಾಗಿ, ಕೊನೆಗೆ ಇದೇ ಕ್ಯಾನ್ಸರ್ ಆದದ್ದನ್ನೂ ಭಾರತದ ವೈದ್ಯರು ದಾಖಲಿಸಿದ್ದಾರೆ. ಲಾಡಿಯ ಬದಲು ಅಗಲವಾದ ಪಟ್ಟಿ ಹೊಲಿಸಿಕೊಂಡರೆ ಒಳ್ಳೆಯದು. ಕುಡಿಯುವ ನೀರಿನ ಆರ್ಸೆನಿಕ್ ಇನ್ನೊಂದು ಕಾರಣ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅದರಿಂದ ಜನರ ಚರ್ಮ ಕೆಟ್ಟದ್ದು ಬೆಳಕಿಗೆ ಬಂದಿತ್ತು. ಅಂಥ ಊರಿನವರಿಗೆ ಅಂಗೈ ಅಂಗಾಲುಗಳಲ್ಲಿ ಜೋಳದ ಕಾಳಿನಂಥ ಗಟ್ಟಿ ಗುಳ್ಳೆಗಳಿದ್ದರೆ ಪರೀಕ್ಷೆ ಅಗತ್ಯ.

“ಸುಣ್ಣ, ಸೋಡ ಹಚ್ಚಿದರೆ ಉದುರುತ್ತದೆ ಅಂತಾರೆ. ಕೂದಲು ಕಟ್ಟಿದರೆ?”

ದಯವಿಟ್ಟು ಮಾಡಬೇಡಿ. ಸುಣ್ಣ ಮತ್ತು ಸೋಡ ಚರ್ಮವನ್ನು ಸುಡುತ್ತವೆ. ಮೇಲಿನ ಕಪ್ಪು ಉದುರಿ ಹೋಗುತ್ತದೆ, ಬೇರು ಒಳಗೇ ಉಳಿಯುತ್ತದೆ, ಮೇಲೆ ಗಾಯದ ಕಲೆ ಮುಚ್ಚಿಕೊಳ್ಳುತ್ತದೆ. ಅನಂತರ ಬಂದರೆ ಅಲ್ಲಿ ಮೊದಲು ಏನಿತ್ತೆಂದು ಹೇಳಲು ನಮಗೂ ಕಷ್ಟ. ಕೂದಲು ಬಿಗಿದು ಕಟ್ಟಿದರೂ, ಅಗರಬತ್ತಿಯಿಂದ ಸುಟ್ಟರೂ, ಬ್ಯೂಟಿ ಪಾರ್ಲರ್‌ನಲ್ಲಿ ಯಂತ್ರದಿಂದ ಸುಡಿಸಿದರೂ ಫಲ ಒಂದೇ. ಲೇಸರ್ ಕೂಡ, ಅದು ಏನೆಂದು ವೈದ್ಯರು ಖಚಿತಪಡಿಸಿಕೊಳ್ಳುವ ಮೊದಲು ಬೇಡ. ಎಡಗೆನ್ನೆಯ ಮಚ್ಚೆ ಅದೃಷ್ಟದ್ದು, ತೆಗೆಸಬಾರದು ಎಂದು ಹಿರಿಯರು ಹೇಳಿದರೆ ಅವರ ಮಾತನ್ನು ಹಳಿಯದೆ, ತೋರಿಸಿಕೊಂಡು ಬರುವುದರಿಂದ ಅದೃಷ್ಟವೇನೂ ಹೋಗುವುದಿಲ್ಲ ಎಂದು ಹೇಳಿ ಕರೆದುಕೊಂಡು ಬನ್ನಿ.

ತಪಾಸಣೆ

“ಯಾವ ಡಾಕ್ಟರ ಹತ್ತಿರ ಹೋಗಬೇಕು? ದುಡ್ಡು ಎಷ್ಟಾಗುತ್ತೆ?”

ಮೊದಲು ಚರ್ಮರೋಗ ತಜ್ಞರ ಹತ್ತಿರ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿರುತ್ತದೆ. ಹೊರರೋಗಿ ಚೀಟಿಯ ಖರ್ಚು ಅಲ್ಪ. ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗಬಹುದು, ಅದರ ಕೇಂದ್ರವೊಂದು ಕಲಬುರಗಿಯಲ್ಲೂ ಇದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಪತ್ರವಿಲ್ಲದೆ ಮೊದಲು ದುಡ್ಡು ಕಟ್ಟಿ, ಆಮೇಲೆ ವಾಪಸು ಕೇಳಿದರೆ ಸಿಗುವುದು ಕಷ್ಟ. ಹೊರಡುವಾಗಲೇ ರೇಷನ್ ಕಾರ್ಡ್, ಆಧಾರ್ ಕಾರ್ಡ್ ಚೀಲಕ್ಕೆ ಹಾಕಿಕೊಳ್ಳಿ.

“ಬರೀ ಕಣ್ಣಲ್ಲಿ ನೋಡಿ ಹೇಳಿಬಿಡ್ತಾರಾ?”

ಡರ್ಮೋಸ್ಕೋಪ್ ಎಂಬ, ಅಂಗೈಯಲ್ಲಿ ಹಿಡಿಯಬಹುದಾದ ದೀಪವಿರುವ ಮಸೂರವನ್ನು ಚರ್ಮಕ್ಕೆ ತಾಗಿಸಿ ನೋಡುತ್ತೇವೆ. ನೋವಿಲ್ಲ. ಅಂಗಾಲನ್ನು ಅದರಲ್ಲಿ ನೋಡಿದರೆ ಹೆಬ್ಬೆಟ್ಟಿನ ಗುರುತಿನಂತೆ ಉಳುಮೆಯ ಸಾಲು ಕಾಣುತ್ತದೆ, ಏಣು ಮತ್ತು ತಗ್ಗು, ಏಣು ಮತ್ತು ತಗ್ಗು. ಏಣಿನ ನಡುವೆ ಬೆವರಿನ ರಂಧ್ರಗಳು ಮಣಿ ಪೋಣಿಸಿದಂತೆ ಇರುತ್ತವೆ. ನಿರಪಾಯದ ಮಚ್ಚೆಯಲ್ಲಿ ಬಣ್ಣ ಸಾಮಾನ್ಯವಾಗಿ ತಗ್ಗಿನಲ್ಲಿ ನಿಂತಿರುತ್ತದೆ. ಮೆಲನೋಮದಲ್ಲಿ ಅದು ಏಣಿನ ಮೇಲೆ ದಪ್ಪ ಪಟ್ಟೆಗಳಾಗಿ ಹರಿದಿರುತ್ತದೆ. ಜಪಾನಿನ ವೈದ್ಯರು ಗುರುತಿಸಿ ಕಲಿಸಿದ ಈ ವ್ಯತ್ಯಾಸವನ್ನು ಮೊದಲ ಸಲ ನಾನೇ ಕಂಡ ದಿನ ನನಗೆ ಅತ್ತೆಯ ಹಿಮ್ಮಡಿ ನೆನಪಾಗಿತ್ತು. ಆದರೂ ಕೊನೆಯ ತೀರ್ಮಾನ ಮಸೂರದ್ದಲ್ಲ, ಬಯಾಪ್ಸಿಯದು.

“ಕತ್ತಿ ತಾಗಿಸಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತೆ ಅಂತಾರಲ್ಲ?”

ಬಯಾಪ್ಸಿಯಿಂದ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಈ ನಂಬಿಕೆ ಹುಟ್ಟಿದ್ದು ಏಕೆಂದರೆ ಜನ ಬರುವುದೇ ತಡವಾಗಿ. ಆಗಲೇ ಹರಡಿದ್ದ ರೋಗ ಬಯಾಪ್ಸಿಯ ನಂತರ ಬಯಲಾದಾಗ ದೂರು ಕತ್ತಿಯ ಮೇಲೆ ಬೀಳುತ್ತದೆ. ಮೆಲನೋಮದ ಅನುಮಾನವಿದ್ದರೆ, ಸಾಧ್ಯವಾದಾಗಲೆಲ್ಲ ಇಡೀ ಮಚ್ಚೆಯನ್ನು ಸುತ್ತಲಿನ 1ರಿಂದ 3 ಮಿಲಿಮೀಟರ್ ಚರ್ಮದೊಡನೆ, ಪೂರ್ತಿ ಆಳದವರೆಗೆ ತೆಗೆಯುತ್ತಾರೆ. ಅಗಲವಾಗಿದ್ದರೆ ಅತ್ಯಂತ ದಪ್ಪ ಅಥವಾ ಕಪ್ಪಾದ ಕಡೆಯಿಂದ ತುಂಡು ತೆಗೆಯುತ್ತಾರೆ. ಜಾಗ ಮರಗಟ್ಟಲು ಸೂಜಿ, ಎರಡು ಮೂರು ಹೊಲಿಗೆ, ಅದೇ ದಿನ ಮನೆಗೆ. ಮೇಲಿಂದ ಹೆರೆದು ತೆಗೆಯುವುದು ಇಲ್ಲಿ ಸರಿಯಲ್ಲ, ಏಕೆಂದರೆ ಆಳ ಎಷ್ಟಿತ್ತು ಎಂಬ ಲೆಕ್ಕವೇ ಕಳೆದುಹೋಗುತ್ತದೆ.

“ತೆಗೆದ ತುಂಡು ಏನಾಗುತ್ತೆ? ನಾವು ಏನಾದರೂ ಕೇಳಿ ಇಟ್ಟುಕೊಳ್ಳಬೇಕಾ?”

ಇದನ್ನು ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕು. ತುಂಡು ಫಾರ್ಮಲಿನ್ ತುಂಬಿದ, ನಿಮ್ಮ ಹೆಸರು ಬರೆದ ಡಬ್ಬಿಗೆ ನಿಮ್ಮ ಕಣ್ಣೆದುರೇ ಹೋಗಬೇಕು. ಬರೀ ನೀರಿನಲ್ಲೋ ಸಲೈನ್‌ನಲ್ಲೋ ಇಟ್ಟರೆ ಕೆಡುತ್ತದೆ. ಸಣ್ಣದು, ಪರೀಕ್ಷೆ ಬೇಡ ಎಂದು ಯಾರೇ ಅಂದರೂ ಒಪ್ಪಬೇಡಿ. ಪ್ರಯೋಗಾಲಯದಲ್ಲಿ ಅದನ್ನು ಮೇಣದಲ್ಲಿ ಕೂರಿಸಿ ‘ಬ್ಲಾಕ್’ ಮಾಡುತ್ತಾರೆ, ಅದರಿಂದ ತೆಳು ಪದರ ಕೊಯ್ದು ಗಾಜಿನ ‘ಸ್ಲೈಡ್’ ಮಾಡುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿನವರು ವರದಿಯ ಜೊತೆಗೆ ಈ ಎರಡನ್ನೂ ಕೇಳುತ್ತಾರೆ. ಅವಿಲ್ಲದೆ ಮತ್ತೆ ಊರಿಗೆ ಬಸ್ಸು ಹತ್ತಿ ಬಂದು ತೆಗೆದುಕೊಂಡು ಹೋದವರನ್ನು ಎಷ್ಟೋ ಸಲ ನೋಡಿದ್ದೇನೆ. ವರದಿ ಸಾಮಾನ್ಯವಾಗಿ ಒಂದು ವಾರದಲ್ಲಿ ಬರುತ್ತದೆ, ವಿಶೇಷ ಬಣ್ಣದ ಪರೀಕ್ಷೆ ಬೇಕಾದರೆ ಇನ್ನೂ ಕೆಲವು ದಿನ. ಫೋನ್ ಬರಲಿಲ್ಲ ಎಂದರೆ ಏನೂ ಇಲ್ಲ ಎಂದು ತಿಳಿಯದೆ ನೀವೇ ಹೋಗಿ ಪಡೆಯಿರಿ.

ವರದಿ ಮತ್ತು ಚಿಕಿತ್ಸೆ

“ವರದಿಯಲ್ಲಿ ‘ಬ್ರೆಸ್ಲೋ 1.4 ಮಿ.ಮೀ.’ ಅಂತ ಬರೆದಿದ್ದಾರೆ. ಹಾಗಂದರೇನು?”

ಮೆಲನೋಮ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಎಂಬ ಅಳತೆ. ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಇದನ್ನು ಕೊಟ್ಟರು, ಇಂದಿಗೂ ವರದಿಯ ಅತಿ ಮುಖ್ಯ ಸಂಖ್ಯೆ ಇದೇ. ಅಗಲ ಎಷ್ಟೇ ಇರಲಿ, ಮೇಲ್ಪದರದಲ್ಲೇ ಇದ್ದರೆ ತೆಗೆದುಹಾಕಿದರೆ ಮುಗಿಯಿತು. ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ನಾಲ್ಕು ದಾಟಿದರೆ ಹರಡಿರುವ ಸಂಭವ ಹೆಚ್ಚು. ಇದರ ಜೊತೆಗೆ ಮೇಲ್ಮೈ ಹುಣ್ಣಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಹುಣ್ಣಾಗಿದ್ದರೆ ಅದೇ ದಪ್ಪಕ್ಕೂ ಒಂದು ಮೆಟ್ಟಿಲು ಹೆಚ್ಚು ಎಚ್ಚರ ಬೇಕು.

“ಬಯಾಪ್ಸಿಯಲ್ಲಿ ಪೂರ್ತಿ ತೆಗೆದಾಯಿತಲ್ಲ, ಮತ್ತೆ ಯಾಕೆ ಕೊಯ್ಯಬೇಕು? ಬೆರಳು ಹೋಗುತ್ತಾ?”

ಕಣ್ಣಿಗೆ ಕಾಣದ ಕೋಶಗಳು ಸುತ್ತ ಉಳಿದಿರಬಹುದು. ಆದ್ದರಿಂದ ದಪ್ಪವನ್ನು ಆಧರಿಸಿ ಎರಡನೆಯ ಸಲ ಅಂಚು ಬಿಟ್ಟು ತೆಗೆಯುತ್ತಾರೆ: ಮೇಲ್ಪದರದ್ದಕ್ಕೆ ಅರ್ಧದಿಂದ 1 ಸೆಂಟಿಮೀಟರ್, 1 ಮಿಲಿಮೀಟರ್‌ವರೆಗಿನದಕ್ಕೆ 1 ಸೆಂಟಿಮೀಟರ್, 2 ದಾಟಿದ್ದಕ್ಕೆ 2 ಸೆಂಟಿಮೀಟರ್. ಹಿಮ್ಮಡಿಯಲ್ಲಿ ಅಷ್ಟು ತೆಗೆದರೆ ಹೊಲಿದು ಮುಚ್ಚಲಾಗದು. ತೊಡೆಯಿಂದ ಚರ್ಮ ಕಸಿ ಮಾಡುತ್ತಾರೆ ಅಥವಾ ಪಾದದ ಒಳಭಾಗದಿಂದ ದಪ್ಪ ಚರ್ಮವನ್ನು ಹೊರಳಿಸಿ ಕೂರಿಸುತ್ತಾರೆ. ಉಗುರಿನ ಕೆಳಗಿನದು ಮೇಲ್ಪದರದಲ್ಲೇ ಇದ್ದರೆ ಉಗುರನ್ನೂ ಅದರ ಹಾಸನ್ನೂ ತೆಗೆದು ಬೆರಳು ಉಳಿಸಬಹುದು, ಆಳಕ್ಕಿಳಿದಿದ್ದರೆ ಬೆರಳಿನ ತುದಿ ತೆಗೆಯಬೇಕಾಗಬಹುದು. ಈ ಮಾತು ಕೇಳಿ ಎದ್ದು ಹೋಗಿ ಆರು ತಿಂಗಳ ನಂತರ ಬಂದವರಿದ್ದಾರೆ. ಆ ಆರು ತಿಂಗಳು ಬಹಳ ದುಬಾರಿ.

ಬೇಸಲ್ ಸೆಲ್ ಮತ್ತು ಸ್ಕ್ವಾಮಸ್ ಸೆಲ್ ಬಗೆಗಳಿಗೂ ಶಸ್ತ್ರಚಿಕಿತ್ಸೆಯೇ ಮೊದಲ ದಾರಿ. ಮುಖದ ಸೂಕ್ಷ್ಮ ಜಾಗಗಳಲ್ಲಿ ಪದರ ಪದರವಾಗಿ ತೆಗೆದು ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋಗುವ ಮೋಸ್ ಶಸ್ತ್ರಚಿಕಿತ್ಸೆ ಇದೆ. ಶಸ್ತ್ರಚಿಕಿತ್ಸೆ ತಡೆದುಕೊಳ್ಳಲಾಗದ ವೃದ್ಧರಿಗೆ ವಿಕಿರಣ ಚಿಕಿತ್ಸೆ ನೀಡುತ್ತಾರೆ.

“ತೊಡೆಸಂದಿನ ಗ್ರಂಥಿ ಪರೀಕ್ಷೆ ಯಾಕೆ? ಅಲ್ಲಿ ನನಗೆ ಗಂಟೇ ಇಲ್ಲ.”

ಪಾದದ ಮೆಲನೋಮ ಹರಡಿದರೆ ಹೆಚ್ಚಾಗಿ ಮೊದಲು ತಲುಪುವುದು ತೊಡೆಸಂದಿನ ದುಗ್ಧಗ್ರಂಥಿಗೆ, ಕೈಯದ್ದು ಕಂಕುಳಿಗೆ. ಕೈಗೆ ಸಿಗುವ ಮುಂಚೆಯೇ ಅಲ್ಲಿ ಕೋಶಗಳಿರಬಹುದು. ದಪ್ಪ 1 ಮಿಲಿಮೀಟರ್ ದಾಟಿದ್ದರೆ, ಕೆಲವೊಮ್ಮೆ 0.8ರಿಂದಲೇ, ಮಚ್ಚೆಯಿದ್ದ ಜಾಗಕ್ಕೆ ನೀಲಿ ಬಣ್ಣ ಹಾಗೂ ಅತ್ಯಲ್ಪ ವಿಕಿರಣಶೀಲ ದ್ರವ ಚುಚ್ಚಿ, ಅದು ಮೊದಲು ಹೋಗಿ ಸೇರುವ ಗ್ರಂಥಿಯನ್ನು ಮಾತ್ರ ತೆಗೆದು ನೋಡುತ್ತಾರೆ. ಅದರಲ್ಲಿ ರೋಗ ಸಿಕ್ಕರೆ ಹಿಂದೆ ಎಲ್ಲ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಹಾಗೆ ತೆಗೆದವರ ಮತ್ತು ಅಲ್ಟ್ರಾಸೌಂಡ್‌ನಲ್ಲಿ ನಿಗಾ ಇಟ್ಟವರ ಆಯಸ್ಸಿನಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿದ ಮೇಲೆ ಕಾಲು ಊದುವ ಆ ದೊಡ್ಡ ಶಸ್ತ್ರಚಿಕಿತ್ಸೆ ಎಷ್ಟೋ ಜನರಿಗೆ ತಪ್ಪಿದೆ.

“ಹರಡಿಬಿಟ್ಟಿದೆ ಅಂದರು. ಇನ್ನು ಏನೂ ಮಾಡಕ್ಕಾಗಲ್ವಾ?”

2010ರವರೆಗೆ ಈ ಪ್ರಶ್ನೆಗೆ ಕೊಡುವ ಉತ್ತರ ಬಹಳ ಚಿಕ್ಕದಾಗಿರುತ್ತಿತ್ತು. ನಮ್ಮದೇ ರೋಗನಿರೋಧಕ ಕೋಶಗಳಿಗೆ ಕ್ಯಾನ್ಸರ್ ಹಾಕಿದ ಬ್ರೇಕನ್ನು ತೆಗೆಯುವ ಔಷಧಗಳು ಆಮೇಲೆ ಬಂದವು, ಆ ತತ್ವವನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಆ ಬಗೆಯವು. ಹರಡಿದ ರೋಗವಿದ್ದೂ ವರ್ಷಗಟ್ಟಲೆ ಬದುಕಿರುವವರು ಈಗ ಇದ್ದಾರೆ. ಆದರೆ ಅಂಗಾಲಿನ ಬಗೆಯಲ್ಲಿ ಇವು ಬಿಸಿಲಿನಿಂದ ಬಂದ ಬಗೆಯಲ್ಲಿ ಕೆಲಸ ಮಾಡುವಷ್ಟು ಮಾಡುವುದಿಲ್ಲ, ಖರ್ಚು ಲಕ್ಷಗಳಲ್ಲಿ ಏರುತ್ತದೆ, ಥೈರಾಯ್ಡ್, ಕರುಳು, ಶ್ವಾಸಕೋಶಗಳ ಮೇಲೆ ಅಡ್ಡಪರಿಣಾಮವಿರಬಹುದು. ಬಿರಾಫ್ ಎಂಬ ವಂಶವಾಹಿಯಲ್ಲಿ ಬದಲಾವಣೆ ಇದ್ದರೆ ಮಾತ್ರೆಗಳಿವೆ, ಹಾಗಾಗಿ ಆ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಆ ಪರೀಕ್ಷೆಗೂ ಮೇಲೆ ಹೇಳಿದ ಮೇಣದ ಬ್ಲಾಕ್ ಬೇಕು. ಜಮೀನು ಮಾರುವ ಮುಂಚೆ, ಈ ಔಷಧದಿಂದ ನನ್ನ ರೋಗದಲ್ಲಿ ಏನನ್ನು ನಿರೀಕ್ಷಿಸಬಹುದು ಎಂದು ವೈದ್ಯರನ್ನು ನೇರವಾಗಿ ಕೇಳಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೂ ಕಾಣಿ. ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆ ಯಾವ ಹಂತದಲ್ಲೂ ಸಿಗಬೇಕಾದದ್ದು. ಅದನ್ನು ಕೇಳಿದರೆ ಚಿಕಿತ್ಸೆ ಕೈಬಿಟ್ಟಂತೆ ಆಗುವುದಿಲ್ಲ.

“ಮಗ ಮೆಲ್ಬೋರ್ನಿನಲ್ಲಿದ್ದಾನೆ. ಅಲ್ಲಿ ಎಲ್ಲರೂ ಚರ್ಮ ಪರೀಕ್ಷೆ ಮಾಡಿಸ್ತಾರಂತೆ. ಅವನೂ ಮಾಡಿಸಬೇಕಾ?”

ಆಸ್ಟ್ರೇಲಿಯಾ ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೇಶಗಳ ಸಾಲಿನಲ್ಲಿದೆ, ಮುಖ್ಯವಾಗಿ ಬಿಳಿಯ ಚರ್ಮದವರಲ್ಲಿ. ಅವನಿಗೆ ಅಪಾಯ ಅವರಷ್ಟಿಲ್ಲ. ಹೋದರೆ ಬೂಟು, ಕಾಲುಚೀಲ ಬಿಚ್ಚಿ ಅಂಗಾಲು ಮತ್ತು ಉಗುರುಗಳನ್ನೂ ನೋಡಿ ಎಂದು ಕೇಳಲಿ.

“ಆಪರೇಷನ್ ಆಗಿ ವರ್ಷವಾಯ್ತು, ಚೆನ್ನಾಗಿದ್ದೀನಿ. ಇನ್ನೂ ಯಾಕೆ ಕರೆಸ್ತಾರೆ?”

ಮೆಲನೋಮ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಆದ್ದರಿಂದ ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕರೆಸುತ್ತಾರೆ. ನಡುವೆ ತಿಂಗಳಿಗೊಮ್ಮೆ ಮನೆಯಲ್ಲೇ ನೋಡಿಕೊಳ್ಳಿ. ಎಣ್ಣೆಸ್ನಾನದ ದಿನ ಇಟ್ಟುಕೊಂಡರೆ ಮರೆಯುವುದಿಲ್ಲ. ಮಣೆಯ ಮೇಲೆ ಕುಳಿತು, ಎಣ್ಣೆ ಹಚ್ಚುವ ಮುಂಚೆ, ಹೊಲಿಗೆಯ ಕಲೆಯ ಸುತ್ತ ಹೊಸ ಕಪ್ಪು ಚುಕ್ಕೆ ಇದೆಯೇ, ಹಿಮ್ಮಡಿಯಿಂದ ತೊಡೆಯವರೆಗೆ ಚರ್ಮದಡಿ ಬಟಾಣಿಯಂಥ ಗಂಟು ಸಿಗುತ್ತದೆಯೇ ಎಂದು ಬೆರಳುಗಳನ್ನು ಮಟ್ಟಸವಾಗಿಟ್ಟು ಒತ್ತಿ ನೋಡಿ, ಕೊನೆಗೆ ತೊಡೆಸಂದು. ಬೆರಳ ಸಂದಿಗಳನ್ನು ಬಿಡಿಸಿ ನೋಡಿ. ನೆತ್ತಿಯನ್ನು ತಲೆ ಬಾಚುವವರು ನೋಡಲಿ, ಕಣ್ಣು ಮಂಜಾಗಿದ್ದರೆ ಅಂಗಾಲನ್ನು ಸೊಸೆಯೋ ಮೊಮ್ಮಗನೋ ನೋಡಲಿ. ಹೊಸ ಗಂಟು ಸಿಕ್ಕಿದರೆ ಮುಂದಿನ ತಾರೀಖಿನವರೆಗೆ ಕಾಯದೆ ಹಳೆಯ ವರದಿಯ ಕವರನ್ನು ಹಿಡಿದುಕೊಂಡು ಅದೇ ವಾರ ಬನ್ನಿ.